ಹಳೆಯ ಗೇಮ್, ಹೊಸ ಪಿಸಿ: ಯಾವ ಗೇಮಿಗೆ ಯಾವ ದಾರಿ

1999ರ ಏಜ್ ಆಫ್ ಎಂಪೈರ್ಸ್ 2 ಸಿಡಿಯನ್ನು ಇವತ್ತಿನ ಪಿಸಿಗೆ ಹಾಕಿದರೆ ಗೇಮ್ ಶುರುವಾದರೂ ಆಗಬಹುದು. ಆದರೆ ಹುಲ್ಲು ನೇರಳೆ, ನೀರು ಕೆಂಪು. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿಲ್ಲ, ಸಿಡಿಯೂ ಹಾಳಾಗಿಲ್ಲ. ಆ ಗೇಮ್ ತನ್ನ ಬಣ್ಣಗಳನ್ನೆಲ್ಲ 256 ಮನೆಗಳ ಒಂದು ಪಟ್ಟಿಯಿಂದ ಎತ್ತಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಓಡುತ್ತಿರುವ ವಿಂಡೋಸ್ ಎಕ್ಸ್‌ಪ್ಲೋರರ್ ಆ ಪಟ್ಟಿಯ ಕೆಲವು ಮನೆಗಳಿಗೆ ತನ್ನ ಬಣ್ಣ ತುಂಬಿಬಿಡುತ್ತದೆ. ಗೇಮಿನ ಫೋಲ್ಡರಿಗೆ ಒಂದೇ ಒಂದು ಡಿಎಲ್‌ಎಲ್ ಫೈಲ್ (ಪ್ರೋಗ್ರಾಂ ಬಳಸಿಕೊಳ್ಳುವ ಸಹಾಯಕ ಫೈಲ್) ಸೇರಿಸಿದರೆ ಇದು ಸರಿಹೋಗುತ್ತದೆ. ಇಷ್ಟಕ್ಕಾಗಿ ವಿಂಡೋಸ್ 98ರ ವರ್ಚುವಲ್ ಮಷೀನ್ (ಪಿಸಿಯೊಳಗೇ ಓಡುವ ಇನ್ನೊಂದು ಪಿಸಿ) ಕಟ್ಟಲು ಹೊರಟರೆ ಎರಡು ದಿನ ಹೋಗುತ್ತದೆ, ಗೇಮ್ ಇನ್ನಷ್ಟು ನಿಧಾನವಾಗುತ್ತದೆ.

ಹಳೆಯ ಗೇಮ್ ಓಡಿಸಲು ಇವತ್ತು ಹತ್ತಾರು ಸಾಧನಗಳಿವೆ, ಹೆಚ್ಚಿನವು ಉಚಿತ. ಕಷ್ಟ ಇರುವುದು ಆಯ್ಕೆಯಲ್ಲಿ. ಗೇಮ್ ಎಲ್ಲಿ ಮುರಿದಿದೆ ಎಂದು ಮೊದಲು ಕಂಡುಕೊಳ್ಳಿ, ಆಮೇಲೆ ಅಷ್ಟನ್ನು ಮಾತ್ರ ಸರಿಮಾಡುವ ಅತಿ ಚಿಕ್ಕ ಸಾಧನ ಹಿಡಿಯಿರಿ. ಕೆಳಗಿನ ಹೋಲಿಕೆಯೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಮೊದಲು ರೋಗ ಯಾವುದು ನೋಡಿ

ಗೇಮ್ ಮುರಿಯುವ ಜಾಗಗಳು ಮುಖ್ಯವಾಗಿ ನಾಲ್ಕು.

ಒಂದು, 16 ಬಿಟ್ ಪ್ರೋಗ್ರಾಂ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ (ವಿಂಡೋಸ್‌ಗೂ ಮುಂಚಿನ ವ್ಯವಸ್ಥೆ) ಪ್ರೋಗ್ರಾಂಗಳಾಗಲಿ, ವಿಂಡೋಸ್ 3.1 ಕಾಲದ ಪ್ರೋಗ್ರಾಂಗಳಾಗಲಿ ಓಡುವುದೇ ಇಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೂ ಇಲ್ಲ. ಇಲ್ಲಿ ಅನೇಕರು ಎಡವುತ್ತಾರೆ: 1996–98ರ ಎಷ್ಟೋ ಗೇಮ್‌ಗಳು 32 ಬಿಟ್ಟೇ, ಅವುಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್. ಸೆಟಪ್ ಓಡದಿದ್ದರೆ ಗೇಮೇ ಓಡದು ಎಂದುಕೊಂಡು ಕೈಬಿಡಬೇಡಿ. ಹೆಸರಾಂತ ಕೆಲವು ಹಳೆಯ ಇನ್‌ಸ್ಟಾಲರ್‌ಗಳನ್ನು ವಿಂಡೋಸ್ ತಾನೇ ಗುರುತಿಸಿ, ಅವುಗಳ ಬದಲಿಗೆ 32 ಬಿಟ್ ಆವೃತ್ತಿ ಓಡಿಸುತ್ತದೆ. ಉಳಿದವಕ್ಕೆ ವೈನ್‌ವಿಡಿಎಂ ಎಂಬ ಉಚಿತ ಸಾಧನವಿದೆ; ಅದು 64 ಬಿಟ್ ವಿಂಡೋಸ್ ಮೇಲೆಯೇ 16 ಬಿಟ್ ಸೆಟಪ್ ಓಡಿಸಿಕೊಡುತ್ತದೆ. ಇನ್ನು ಕೆಲವು ಗೇಮ್‌ಗಳಲ್ಲಿ ಸಿಡಿಯ ಫೋಲ್ಡರನ್ನು ಹಾಗೇ ಕಾಪಿ ಮಾಡಿಕೊಂಡರೆ ಸಾಕಾಗುತ್ತದೆ.

ಎರಡು, ಡಿಸ್ಕ್ ರಕ್ಷಣೆ. ಸೇಫ್‌ಡಿಸ್ಕ್ ಎಂಬ ನಕಲು ತಡೆ ವಿಂಡೋಸ್‌ನ ಒಳಗೇ ಒಂದು ಡ್ರೈವರ್ ಇಟ್ಟುಕೊಂಡು ಕೆಲಸ ಮಾಡುತ್ತಿತ್ತು. ಆ ಡ್ರೈವರಿನಲ್ಲಿ ಭದ್ರತಾ ದೋಷವಿದ್ದದ್ದರಿಂದ 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಕೈಬಿಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನ ಅಪ್‌ಡೇಟ್ ಒಂದು ವಿಂಡೋಸ್ 7 ಮತ್ತು 8ರಲ್ಲೂ ಅದನ್ನು ನಿಲ್ಲಿಸಿತು. ಲಕ್ಷಣ ಸುಲಭ: ಗೇಮ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ, ಇಲ್ಲವೇ ಸಿಡಿ ಒಳಗಿದ್ದರೂ ಸಿಡಿ ಹಾಕಿ ಎನ್ನುತ್ತದೆ. ಇದಕ್ಕೆ ಯಾವ ಗ್ರಾಫಿಕ್ಸ್ ಸಾಧನವೂ ಮದ್ದಲ್ಲ. ಡಿಸ್ಕ್ ತಪಾಸಣೆ ತೆಗೆದ ಅಧಿಕೃತ ಪ್ಯಾಚ್ ಇದೆಯೇ ನೋಡಿ. ಇಲ್ಲವಾದರೆ ಅದೇ ಗೇಮಿನ ಡಿಜಿಟಲ್ ಆವೃತ್ತಿ ಕೊಳ್ಳುವುದೇ ನೇರ ದಾರಿ.

ಮೂರು, ಗ್ರಾಫಿಕ್ಸ್: ತಪ್ಪು ಬಣ್ಣ, ಕಪ್ಪು ಪರದೆ, ಮೆನು ಮಿನುಗುವುದು, 3ಡಿ ಆಯ್ಕೆಯೇ ಕಾಣದಿರುವುದು. ನಾಲ್ಕು, ವೇಗ: ಗೇಮ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಾರು ಹಾರುತ್ತದೆ, ಶತ್ರುಗಳು ಮಿಂಚಿನಂತೆ ಓಡುತ್ತಾರೆ, ಬಾಗಿಲು ತೆರೆಯುವುದೇ ಇಲ್ಲ.

ಇವುಗಳ ಜೊತೆಗೆ ಮೂರು ಸಣ್ಣ ಕೆಲಸಗಳನ್ನು ಯಾವ ಗೇಮಿಗಾದರೂ ಮೊದಲೇ ಮಾಡಿಡಿ. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಬೇಡಿ, ಸಿ ಡ್ರೈವಿನಲ್ಲಿ ಗೇಮ್ಸ್ ಎಂದು ಬೇರೆ ಫೋಲ್ಡರ್ ಮಾಡಿ. ಹಳೆಯ ಗೇಮ್‌ಗಳು ಸೇವ್ ಫೈಲನ್ನು ತಮ್ಮ ಫೋಲ್ಡರಿಗೇ ಬರೆಯುತ್ತವೆ. ಪ್ರೋಗ್ರಾಂ ಫೈಲ್ಸ್‌ನಲ್ಲಿದ್ದರೆ ವಿಂಡೋಸ್ ಅದನ್ನು ಗುಟ್ಟಾಗಿ ವರ್ಚುವಲ್‌ಸ್ಟೋರ್ ಎಂಬ ಇನ್ನೊಂದು ಜಾಗಕ್ಕೆ ತಿರುಗಿಸುತ್ತದೆ, ಆಮೇಲೆ ಸೇವ್ ಹುಡುಕಿದರೆ ಸಿಗುವುದಿಲ್ಲ. ಎರಡನೆಯದು, ಲ್ಯಾಪ್‌ಟಾಪಿನಲ್ಲಿ ಡಿಸ್‌ಪ್ಲೇ ಸ್ಕೇಲಿಂಗ್ 125 ಅಥವಾ 150 ಶೇಕಡಾ ಇದ್ದರೆ ಗೇಮಿನ ಚಿತ್ರ ಮೂಲೆಯಲ್ಲಿ ಕತ್ತರಿಸಿಹೋಗಬಹುದು, ಮೌಸ್ ಬೇರೆಲ್ಲೋ ಒತ್ತಬಹುದು. ಗೇಮ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಟ್ಯಾಬ್ ತೆರೆದು, ಹೈ ಡಿಪಿಐ ಸೆಟ್ಟಿಂಗಿನಲ್ಲಿ ಸ್ಕೇಲಿಂಗ್ ಅಧಿಕಾರವನ್ನು ಅಪ್ಲಿಕೇಶನ್‌ಗೇ ಕೊಡಿ. ಮೂರನೆಯದು ಡೈರೆಕ್ಟ್‌ಪ್ಲೇ, ಹಳೆಯ ಗೇಮ್‌ಗಳು ನೆಟ್‌ವರ್ಕ್ ಆಟಕ್ಕೆ ಬಳಸುತ್ತಿದ್ದ ವಿಂಡೋಸ್ ಭಾಗ. ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಲೆಗಸಿ ಕಾಂಪೊನೆಂಟ್ಸ್ ಕೆಳಗೆ ಅದಿರುತ್ತದೆ, ಟಿಕ್ ಹಾಕಿದರೆ ಆಯಿತು. ಇದಿಲ್ಲದೆ ಶುರುವೇ ಆಗದ ಗೇಮ್‌ಗಳು ಬಹಳ.

ಡಾಸ್ ಗೇಮ್‌ಗಳು: ಯಾವ ಡಾಸ್‌ಬಾಕ್ಸ್?

ನಮ್ಮ ಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಬೆಳೆದವರಿಗೆ ಡೇಂಜರಸ್ ಡೇವ್ ಮತ್ತು ಪ್ರಿನ್ಸ್ ಆಫ್ ಪರ್ಷಿಯಾ ಪರಿಚಯ ಹೇಳಬೇಕಿಲ್ಲ. ಇಂಥವಕ್ಕೆ ಡಾಸ್‌ಬಾಕ್ಸ್ (ಹಳೆಯ ಡಾಸ್ ಪಿಸಿಯನ್ನು ನಟಿಸುವ ಎಮ್ಯುಲೇಟರ್) ಬೇಕು ಎಂಬುದೂ ಗೊತ್ತು. ಗೊತ್ತಿಲ್ಲದಿರುವುದು ಡಾಸ್‌ಬಾಕ್ಸ್ ಈಗ ಒಂದಲ್ಲ ಎಂಬುದು.

ಮೂಲ ಡಾಸ್‌ಬಾಕ್ಸ್‌ನ 0.74-3 ಆವೃತ್ತಿ ಬಂದದ್ದು 2019ರಲ್ಲಿ. ಕೆಲಸ ಮಾಡುತ್ತದೆ, ಆದರೆ ಹೊಸದಾಗಿ ಶುರುಮಾಡುವವರು ಅದನ್ನು ಹಿಡಿಯಲು ಕಾರಣವಿಲ್ಲ. ಡಾಸ್‌ಬಾಕ್ಸ್ ಸ್ಟೇಜಿಂಗ್ ಬರೀ ಗೇಮ್ ಆಡುವವರಿಗೆಂದೇ ತಿದ್ದಿದ ಆವೃತ್ತಿ: ಚಿತ್ರದ ಅನುಪಾತ ಮೊದಲಿಂದಲೇ ಸರಿ, ಹಳೆಯ ಟ್ಯೂಬ್ ಮಾನಿಟರಿನಂತೆ ಕಾಣಿಸುವ ಶೇಡರ್ ಒಳಗೇ ಇದೆ, ರೋಲ್ಯಾಂಡ್ ಎಂಟಿ-32 ಎಂಬ ಆ ಕಾಲದ ಸಂಗೀತ ಯಂತ್ರವನ್ನು ನಟಿಸುವ ವ್ಯವಸ್ಥೆಯೂ ಇದೆ. ಎಂಟಿ-32ರ ರೋಮ್ (ಆರ್‌ಓಎಂ) ಫೈಲ್‌ಗಳನ್ನು ಮಾತ್ರ ನೀವೇ ಒದಗಿಸಬೇಕು. ಡಾಸ್‌ಬಾಕ್ಸ್-ಎಕ್ಸ್ ಇನ್ನೂ ವಿಶಾಲ: ಅದರೊಳಗೆ ವಿಂಡೋಸ್ 95 ಮತ್ತು 98 ಹಾಕಬಹುದು, ಜಪಾನಿನ ಪಿಸಿ-98 ಗೇಮ್‌ಗಳೂ ಓಡುತ್ತವೆ, ಮೆನುವಿನಿಂದಲೇ ಎಲ್ಲ ಬದಲಿಸಬಹುದು. ಡಾಸ್‌ಬಾಕ್ಸ್ ಪ್ಯೂರ್ ಎಂಬುದು ರೆಟ್ರೋಆರ್ಕ್ (ಹಲವು ಎಮ್ಯುಲೇಟರ್‌ಗಳನ್ನು ಒಟ್ಟಿಗಿಡುವ ಪ್ರೋಗ್ರಾಂ) ಒಳಗೆ ಕೂರುವ ಆವೃತ್ತಿ. ಜಿಪ್ ಫೈಲನ್ನು ನೇರ ತೆರೆಯುತ್ತದೆ, ಗೇಮ್‌ಪ್ಯಾಡಿಗೆ ಕೀಗಳನ್ನು ತಾನೇ ಹಂಚುತ್ತದೆ. ಸೋಫಾ ಮೇಲೆ ಕೂತು ಟಿವಿಯಲ್ಲಿ ಆಡುವುದಾದರೆ ಪ್ಯೂರ್, ವಿಂಡೋಸ್ 3.1ರ ಗೇಮೋ ಪಿಸಿ-98ರ ಗೇಮೋ ಆದರೆ ಎಕ್ಸ್. ಮಿಕ್ಕ ಎಲ್ಲಕ್ಕೂ ಸ್ಟೇಜಿಂಗ್.

ಡಾಸ್‌ಬಾಕ್ಸ್ ಯಾವುದಾದರೂ ಕಲಿಯಬೇಕಾದ ಸೆಟ್ಟಿಂಗ್ ಒಂದೇ, ಸೈಕಲ್ಸ್. ಪ್ರೊಸೆಸರ್ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಗೇಮಿಗೆ ತೋರಿಸುವ ಸಂಖ್ಯೆ ಅದು. ಸುಮಾರು 3000 ಎಂದರೆ 286 ಅಥವಾ ನಿಧಾನದ 386, 6000 ಎಂದರೆ 33 ಮೆಗಾಹರ್ಟ್ಸ್ 386, 25000 ಎಂದರೆ 66 ಮೆಗಾಹರ್ಟ್ಸ್ 486, 60000 ಎಂದರೆ 90 ಮೆಗಾಹರ್ಟ್ಸ್ ಪೆಂಟಿಯಂ. 1990ರ ವಿಂಗ್ ಕಮಾಂಡರ್ ವೇಗದ ಲಗಾಮು ಇಲ್ಲದೆ ಬರೆದ ಗೇಮ್. ಸೈಕಲ್ಸ್ ಏರಿಸಿದಷ್ಟೂ ವಿಮಾನಗಳು ಹುಚ್ಚಾಪಟ್ಟೆ ಹಾರುತ್ತವೆ. ಆಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ಸೈಕಲ್ಸ್ ಇಳಿಯುತ್ತದೆ, ಕಂಟ್ರೋಲ್ ಮತ್ತು ಎಫ್12 ಒತ್ತಿದರೆ ಏರುತ್ತದೆ. ಸರಿಯಾದ ಸಂಖ್ಯೆ ಸಿಕ್ಕಿದ ಮೇಲೆ ಆ ಗೇಮಿನದೇ ಕಾನ್ಫಿಗ್ ಫೈಲಿನಲ್ಲಿ ಬರೆದಿಡಿ. ಎಲ್ಲ ಗೇಮಿಗೂ ಒಂದೇ ಕಾನ್ಫಿಗ್ ಇಡುವುದು ತಪ್ಪು. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಕೆಲವು ಗೇಮ್‌ಗಳು ‘ರನ್‌ಟೈಮ್ ಎರರ್ 200’ ಎಂದು ಶುರುವಿನಲ್ಲೇ ಸಾಯುತ್ತವೆ. ಪ್ರೊಸೆಸರಿನ ವೇಗ ಅಳೆಯುವ ಲೆಕ್ಕ ಅತಿ ವೇಗದಲ್ಲಿ ಉಕ್ಕಿಹರಿಯುವುದರಿಂದ ಹಾಗಾಗುತ್ತದೆ. ಅಲ್ಲೂ ಮದ್ದು ಸೈಕಲ್ಸ್ ಇಳಿಸುವುದೇ.

ಸದ್ದು ಬರದಿದ್ದರೆ ಗೇಮಿನ ಸೆಟಪ್ ಪ್ರೋಗ್ರಾಂ ಓಡಿಸಿ ಸೌಂಡ್ ಬ್ಲಾಸ್ಟರ್ 16 ಆರಿಸಿ. ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1, ಹೈ ಡಿಎಂಎ 5. ಅನೇಕ ಗೇಮ್‌ಗಳ ಸೆಟಪ್ ಐಆರ್‌ಕ್ಯೂ 5 ಎಂದು ಊಹಿಸುತ್ತದೆ, ಡಾಸ್‌ಬಾಕ್ಸ್ ಕೊಡುವುದು 7. ಎಡವಟ್ಟಾಗುವುದು ಅಲ್ಲಿಯೇ.

ಚಿತ್ರದ ವಿಷಯದಲ್ಲಿ ಒಂದು ಲೆಕ್ಕ ಗಮನಿಸಿ. ಡಾಸ್ ಗೇಮಿನ 320×200 ಚಿತ್ರ 4:3 ಮಾನಿಟರಿಗೆ ಮಾಡಿದ್ದು, ಹಾಗಾಗಿ ಅದರ ಒಂದೊಂದು ಪಿಕ್ಸೆಲ್ಲೂ ಅಗಲಕ್ಕಿಂತ 1.2 ಪಟ್ಟು ಎತ್ತರ. ಅಡ್ಡಕ್ಕೆ 5, ಉದ್ದಕ್ಕೆ 6 ಪಟ್ಟು ಹಿಗ್ಗಿಸಿದರೆ 1600×1200, ಒಂದು ಗೆರೆಯೂ ಮಸುಕಾಗದು. ಆದರೆ 1080 ಗೆರೆಯ ಮಾನಿಟರಿನಲ್ಲಿ ಅದು ಹಿಡಿಸುವುದಿಲ್ಲ, 1440×1080ಕ್ಕೆ ಇಳಿಸಿ ಶೇಡರ್ ಹಾಕಿಕೊಳ್ಳಬೇಕು. ಅನುಪಾತ ಸರಿಪಡಿಸದೆ ಆಡಿದರೆ ಎಲ್ಲರೂ ಕುಳ್ಳರಾಗಿ ಕಾಣುತ್ತಾರೆ. ಇನ್ನೊಂದು, ಆ ಚಿತ್ರ ಸೆಕೆಂಡಿಗೆ 70 ಬಾರಿ ಬದಲಾಗುತ್ತಿತ್ತು. 60 ಹರ್ಟ್ಸ್ ಮಾನಿಟರಿನಲ್ಲಿ ಅಡ್ಡಕ್ಕೆ ಸರಿಯುವ ಗೇಮ್‌ಗಳು ಸ್ವಲ್ಪ ತಡವರಿಸುವುದು ಅದಕ್ಕೇ. ಗೇಮಿಗೆ ತಕ್ಕಂತೆ ತನ್ನ ವೇಗ ಬದಲಿಸುವ ವೇರಿಯಬಲ್ ರಿಫ್ರೆಶ್ ಮಾನಿಟರ್ ಇದ್ದವರಿಗೆ ಈ ತೊಂದರೆ ಇಲ್ಲ.

ಹೊಸ ಎಂಜಿನ್ ಇದ್ದರೆ ಅದೇ ಮೊದಲು

ಎಮ್ಯುಲೇಟರ್ ಹುಡುಕುವ ಮುಂಚೆ ಕೇಳಬೇಕಾದ ಪ್ರಶ್ನೆ: ಈ ಗೇಮಿನ ಎಂಜಿನ್ನನ್ನು (ಗೇಮನ್ನು ನಡೆಸುವ ಮೂಲ ಪ್ರೋಗ್ರಾಂ) ಯಾರಾದರೂ ಹೊಸದಾಗಿ ಬರೆದಿದ್ದಾರೆಯೇ? ಬರೆದಿದ್ದರೆ ಮೇಲೆ ಹೇಳಿದ ಯಾವ ರೋಗವೂ ಉಳಿಯುವುದಿಲ್ಲ, ಯಾಕೆಂದರೆ ಓಡುತ್ತಿರುವುದೇ ಇವತ್ತಿನ ಪ್ರೋಗ್ರಾಂ. ನಿಮ್ಮ ಹಳೆಯ ಡಿಸ್ಕಿನಿಂದ ಬರುವುದು ಚಿತ್ರ, ಸದ್ದು, ನಕ್ಷೆಗಳು ಮಾತ್ರ.

ಡೂಮ್ ಸೋರ್ಸ್ ಕೋಡ್ 1997ರ ಕೊನೆಗೆ ಹೊರಬಂತು, ಅದರಿಂದ ಹುಟ್ಟಿದ ಎಂಜಿನ್‌ಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಎರಡನ್ನು ಹೋಲಿಸಿದರೆ ಆಯ್ಕೆಯ ಗುಟ್ಟು ತಿಳಿಯುತ್ತದೆ. ಚಾಕಲೇಟ್ ಡೂಮ್ 1993ರ ಗೇಮನ್ನು ಅದರ ದೋಷಗಳ ಸಮೇತ ಹಾಗೇ ಉಳಿಸಿಕೊಳ್ಳುತ್ತದೆ, ಚಿತ್ರವೂ 320×200. ಜಿಜೆಡ್‌ಡೂಮ್ ಹೈ ರೆಸಲ್ಯೂಶನ್, ಮೌಸಿನಿಂದ ಮೇಲೆ ಕೆಳಗೆ ನೋಡುವುದು, ಮಾಡ್‌ಗಳು (ಆಟಗಾರರೇ ಮಾಡಿದ ಬದಲಾವಣೆಗಳು) ಎಲ್ಲವನ್ನೂ ಕೊಡುತ್ತದೆ. ನೆನಪಿನ ಗೇಮ್ ಬೇಕಾದರೆ ಮೊದಲನೆಯದು, ಹೊಸ ನಕ್ಷೆಗಳನ್ನು ಆಡಬೇಕಾದರೆ ಎರಡನೆಯದು. ಎರಡಕ್ಕೂ ನಿಮ್ಮ ಪ್ರತಿಯಲ್ಲಿರುವ ಡೂಮ್ ವ್ಯಾಡ್ ಫೈಲ್ (ಚಿತ್ರ, ಸದ್ದು, ನಕ್ಷೆಗಳಿರುವ ಫೈಲ್) ಬೇಕು.

ಹೀಗೇ ಕ್ವೇಕ್ 3ಕ್ಕೆ ಐಓಕ್ವೇಕ್3, ಡಯಾಬ್ಲೋಗೆ ಡೆವಿಲ್ಯೂಶನ್‌ಎಕ್ಸ್, ಮಾರೋವಿಂಡ್‌ಗೆ ಓಪನ್‌ಎಂಡಬ್ಲ್ಯೂ, ಹೀರೋಸ್ 3ಕ್ಕೆ ವಿಸಿಎಂಐ, ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಓಪನ್‌ಆರ್‌ಸಿಟಿ2, ಪಾಯಿಂಟ್ ಅಂಡ್ ಕ್ಲಿಕ್ ಸಾಹಸಗಳಿಗೆ ಸ್ಕಮ್‌ವಿಎಂ, ಪ್ರಿನ್ಸ್ ಆಫ್ ಪರ್ಷಿಯಾಗೆ ಎಸ್‌ಡಿಎಲ್‌ಪಾಪ್. ಓಪನ್‌ಟಿಟಿಡಿ ತನ್ನದೇ ಉಚಿತ ಚಿತ್ರ, ಸದ್ದುಗಳನ್ನು ಇಟ್ಟುಕೊಂಡಿರುವುದರಿಂದ ಅದಕ್ಕೆ ಹಳೆಯ ಡಿಸ್ಕೂ ಬೇಡ. ಒಂದು ಎಚ್ಚರಿಕೆ: ಹಳೆಯ ಸೇವ್ ಫೈಲ್‌ಗಳನ್ನು ಎಲ್ಲ ಎಂಜಿನ್‌ಗಳೂ ಓದುವುದಿಲ್ಲ.

ವಿಂಡೋಸ್ 95ರಿಂದ 2000: ಅನುವಾದಕರನ್ನು ಹೋಲಿಸಿ ನೋಡಿದರೆ

ಅತಿ ಹೆಚ್ಚು ತಲೆನೋವು ಈ ಕಾಲದ ಗೇಮ್‌ಗಳದ್ದು, ಆಯ್ಕೆಗಳೂ ಇಲ್ಲೇ ಹೆಚ್ಚು. ಆಗಿನ ಗೇಮ್‌ಗಳು ಪರದೆಗೆ ಬರೆಯಲು ಮುಖ್ಯವಾಗಿ ಮೂರು ಬೇರೆ ಬೇರೆ ಭಾಷೆ ಆಡುತ್ತಿದ್ದವು: 2ಡಿಗೆ ಡೈರೆಕ್ಟ್‌ಡ್ರಾ, 3ಡಿಗೆ ಡೈರೆಕ್ಟ್3ಡಿಯ ಮೊದಲ ಆವೃತ್ತಿಗಳು, 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಇದ್ದವರಿಗೆ ಗ್ಲೈಡ್. ಡೈರೆಕ್ಟ್‌ಡ್ರಾ ಇವತ್ತಿನ ವಿಂಡೋಸ್‌ನಲ್ಲಿ ಹೆಸರಿಗೆ ಇದೆ, ಆದರೆ ವಿಂಡೋಸ್ 8ರಿಂದ ಈಚೆಗೆ 8 ಮತ್ತು 16 ಬಿಟ್ ಬಣ್ಣಗಳು ಬರೀ ನಟನೆ. ಗ್ಲೈಡ್ ಅಂತೂ ಕಂಪನಿಯ ಜೊತೆಗೇ ಹೋಯಿತು. 2000ದ ಡಿಸೆಂಬರ್‌ನಲ್ಲಿ ಎನ್ವಿಡಿಯಾ 3ಡಿಎಫ್‌ಎಕ್ಸ್‌ನ ಆಸ್ತಿ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಈ ಹಳೆಯ ಭಾಷೆಗಳನ್ನು ಹೊಸ ಕಾರ್ಡಿಗೆ ಅರ್ಥವಾಗುವಂತೆ ತಿಳಿಸುವ ಡಿಎಲ್‌ಎಲ್ ಫೈಲ್‌ಗಳೇ ರ‍್ಯಾಪರ್‌ಗಳು.

ಬರೀ 2ಡಿ ಗೇಮಾದರೆ ಸಿಎನ್‌ಸಿ-ಡಿಡ್ರಾ. ಕಮಾಂಡ್ ಅಂಡ್ ಕಾಂಕರ್‌ಗಾಗಿ ಹುಟ್ಟಿದ ಇದು ಏಜ್ ಆಫ್ ಎಂಪೈರ್ಸ್‌ನಂಥ ಬಹಳಷ್ಟು ಗೇಮ್‌ಗಳನ್ನು ಸರಿಮಾಡುತ್ತದೆ. ಬಣ್ಣ ಕೆಡುವುದಿಲ್ಲ, ಆಲ್ಟ್-ಟ್ಯಾಬ್ ಒತ್ತಿದರೆ ಗೇಮ್ ಸಾಯುವುದಿಲ್ಲ, 4:3 ಅನುಪಾತ ಉಳಿಸಿಕೊಳ್ಳುವ ಸೆಟ್ಟಿಂಗ್ ಇದೆ, ಅತಿ ವೇಗವಾಗಿ ಓಡುವ ಗೇಮಿಗೆ ವೇಗದ ಮಿತಿಯೂ ಇದೆ. ಜಿಪ್ ಬಿಚ್ಚಿ ಗೇಮಿನ ಫೋಲ್ಡರಿಗೆ ಹಾಕಿ, ಜೊತೆಗೆ ಬರುವ ಕಾನ್ಫಿಗ್ ಪ್ರೋಗ್ರಾಂ ತೆರೆದು ಬೇಕಾದ್ದಕ್ಕೆ ಟಿಕ್ ಹಾಕಿ. ಐದು ನಿಮಿಷದ ಕೆಲಸ.

3ಡಿ ಅಥವಾ ಗ್ಲೈಡ್ ಗೇಮಾದರೆ ಡಿಜಿವೂಡೂ 2. ಇಡೀ ಗುಂಪಿನಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಇದನ್ನೇ ಇಟ್ಟುಕೊಳ್ಳಬೇಕು. ಗ್ಲೈಡ್, ಡೈರೆಕ್ಟ್‌ಡ್ರಾ, ಡೈರೆಕ್ಟ್3ಡಿಯ 9ನೇ ಆವೃತ್ತಿವರೆಗೆ ಎಲ್ಲವನ್ನೂ ಅದು ಡೈರೆಕ್ಟ್3ಡಿ 11 ಅಥವಾ 12ಕ್ಕೆ ಅನುವಾದಿಸುತ್ತದೆ. ಹಾಕುವ ಕ್ರಮ ಹೀಗೆ: ಜಿಪ್ ಬಿಚ್ಚಿ, ಎಂಎಸ್ ಫೋಲ್ಡರಿನೊಳಗಿನ ಎಕ್ಸ್86 ಫೋಲ್ಡರಿನಿಂದ ಡಿಡ್ರಾ ಮತ್ತು ಡಿ3ಡಿಇಮ್ ಡಿಎಲ್‌ಎಲ್‌ಗಳನ್ನು ಗೇಮಿನ ಮುಖ್ಯ ಎಕ್ಸಿ ಫೈಲಿನ (ಗೇಮನ್ನು ಶುರುಮಾಡುವ ಫೈಲ್) ಪಕ್ಕಕ್ಕೇ ಕಾಪಿ ಮಾಡಿ. ಗೇಮ್ ಡೈರೆಕ್ಟ್3ಡಿ 8ರದ್ದಾದರೆ ಡಿ3ಡಿ8 ಡಿಎಲ್‌ಎಲ್ ಸಾಕು. ನೀಡ್ ಫಾರ್ ಸ್ಪೀಡ್ 2 ಎಸ್‌ಇ ಥರದ ಗ್ಲೈಡ್ ಗೇಮಾದರೆ 3ಡಿಎಫ್‌ಎಕ್ಸ್ ಫೋಲ್ಡರಿನ ಗ್ಲೈಡ್2ಎಕ್ಸ್. ಡಿಜಿವೂಡೂನ ಕಂಟ್ರೋಲ್ ಪ್ಯಾನೆಲ್ ಪ್ರೋಗ್ರಾಮನ್ನೂ ಅಲ್ಲಿಗೇ ಕಾಪಿ ಮಾಡಿ, ತೆರೆದು, ಸ್ಕೇಲಿಂಗ್ ಮೋಡಿನಲ್ಲಿ ಅನುಪಾತ ಉಳಿಸುವ ಆಯ್ಕೆ ಕೊಡಿ. ಮೊದಲ ಬಾರಿ ಓಡಿಸುವಾಗ ಡೈರೆಕ್ಟ್‌ಎಕ್ಸ್ ಟ್ಯಾಬಿನಲ್ಲಿ ವಾಟರ್‌ಮಾರ್ಕ್ ಇರಲಿ. ಪರದೆಯ ಮೂಲೆಯಲ್ಲಿ ಡಿಜಿವೂಡೂ ಗುರುತು ಕಂಡರೆ ರ‍್ಯಾಪರ್ ಕೆಲಸ ಮಾಡುತ್ತಿದೆ ಎಂದರ್ಥ, ಆಮೇಲೆ ತೆಗೆಯಿರಿ.

ಗುರುತು ಕಾಣಲಿಲ್ಲವಾದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಎಕ್ಸಿ ಫೈಲಿಗೆ ನೀವು ಮೊದಲೇ ‘ವಿಂಡೋಸ್ 98 ಕಂಪ್ಯಾಟಿಬಿಲಿಟಿ’ ಟಿಕ್ ಹಾಕಿರುತ್ತೀರಿ, ಆಗ ವಿಂಡೋಸ್ ತನ್ನ ಡೈರೆಕ್ಟ್‌ಡ್ರಾವನ್ನೇ ಮುಂದೆ ತಳ್ಳಬಹುದು. ಆ ಟಿಕ್ ತೆಗೆಯಿರಿ. ಇಲ್ಲವೇ ಡಿಎಲ್‌ಎಲ್ ತಪ್ಪು ಜಾಗದಲ್ಲಿದೆ: ಕೆಲವು ಗೇಮ್‌ಗಳಲ್ಲಿ ಹೊರಗಿನ ಎಕ್ಸಿ ಬರೀ ಲಾಂಚರ್, ನಿಜವಾದ ಎಕ್ಸಿ ಒಳಗಿನ ಸಿಸ್ಟಂ ಅಥವಾ ಬಿನ್ ಫೋಲ್ಡರಿನಲ್ಲಿರುತ್ತದೆ. ಇನ್ನೊಂದು ಮಾತು, ಗೇಮ್ 32 ಬಿಟ್ ಆಗಿದ್ದರೆ ನಿಮ್ಮ ವಿಂಡೋಸ್ 64 ಬಿಟ್ ಆಗಿದ್ದರೂ ಎಕ್ಸ್86 ಫೈಲ್‌ಗಳೇ ಬೇಕು. ಆಂಟಿವೈರಸ್ ಕೆಲವೊಮ್ಮೆ ಇದನ್ನು ಸುಮ್ಮನೆ ಹಿಡಿದು ಬಿಸಾಡುತ್ತದೆ. ಅದಕ್ಕೇ ಲೇಖಕರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ, ಸಿಕ್ಕಸಿಕ್ಕಲ್ಲಿಂದ ಬೇಡ.

ಡಿಡ್ರಾಕಂಪ್ಯಾಟ್ ಮೂರನೆಯದು. ಅದು ಭಾಷೆ ಬದಲಿಸದೆ ವಿಂಡೋಸ್‌ನ ಸ್ವಂತ ಡೈರೆಕ್ಟ್‌ಡ್ರಾವನ್ನೇ ರಿಪೇರಿ ಮಾಡುತ್ತದೆ. ವಿಂಡೋಸ್‌ನ ಬಟನ್, ಮೆನುಗಳನ್ನು ಡೈರೆಕ್ಟ್‌ಡ್ರಾ ಚಿತ್ರದ ಮೇಲೆ ಬೆರೆಸಿ ತೋರಿಸುವ ಗೇಮ್‌ಗಳು ಡಿಜಿವೂಡೂನಲ್ಲಿ ಮಿನುಗಿದರೆ ಇದನ್ನು ಹಾಕಿ ನೋಡಿ. ಡಿಎಕ್ಸ್‌ವಿಕೆ ನಾಲ್ಕನೆಯದು. ಅದು ಡೈರೆಕ್ಟ್3ಡಿ 9, 10, 11ನ್ನು ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ಭಾಷೆಗೆ ತಿರುಗಿಸುತ್ತದೆ, 2024ರ 2.4 ಆವೃತ್ತಿಯಿಂದ 8ನ್ನೂ. ಲಿನಕ್ಸ್‌ಗಾಗಿ ಬರೆದದ್ದಾದರೂ ವಿಂಡೋಸ್‌ನಲ್ಲೂ ಹೆಚ್ಚಿನ ಸಲ ಓಡುತ್ತದೆ. ಹೊಸ ಕಾರ್ಡಿನ ಡ್ರೈವರ್ ಹಳೆಯ ಡೈರೆಕ್ಟ್3ಡಿ 9 ಗೇಮಿನಲ್ಲಿ ತಡವರಿಸಿದರೆ ಇದು ಒಳ್ಳೆಯ ಮದ್ದು. ಡೈರೆಕ್ಟ್‌ಡ್ರಾ, ಗ್ಲೈಡ್ ಇದಕ್ಕೆ ತಿಳಿಯದು. ಎರಡು ರ‍್ಯಾಪರ್‌ಗಳನ್ನು ಒಂದೇ ಫೋಲ್ಡರಿನಲ್ಲಿ ಬೆರೆಸಬೇಡಿ. ಒಂದು ಕೆಲಸ ಮಾಡದಿದ್ದರೆ ಪೂರ್ತಿ ತೆಗೆದು ಇನ್ನೊಂದನ್ನು ಹಾಕಿ.

ಓಪನ್‌ಜಿಎಲ್ ಎಂಬ ಇನ್ನೊಂದು ಗ್ರಾಫಿಕ್ಸ್ ಭಾಷೆಯ ಗೇಮ್‌ಗಳ ರೋಗ ಬೇರೆ. ಕ್ವೇಕ್ ಎಂಜಿನ್‌ನ ಹಳೆಯ ಗೇಮ್‌ಗಳು ಕಾರ್ಡಿನ ಸಾಮರ್ಥ್ಯಗಳ ಪಟ್ಟಿಯನ್ನು ಒಂದು ಗೊತ್ತಾದ ಉದ್ದದ ಜಾಗಕ್ಕೆ ಬರೆದುಕೊಳ್ಳುತ್ತವೆ. ಇವತ್ತಿನ ಕಾರ್ಡಿನ ಪಟ್ಟಿ ಅದಕ್ಕಿಂತ ಬಹಳ ಉದ್ದ, ಹಾಗಾಗಿ ಶುರುವಾಗುವಾಗಲೇ ಬಿದ್ದುಹೋಗುತ್ತವೆ. ಎನ್ವಿಡಿಯಾ ಕಾರ್ಡಿದ್ದವರು ಪ್ರೊಫೈಲ್ ಇನ್‌ಸ್ಪೆಕ್ಟರ್ ಎಂಬ ಸಾಧನದಲ್ಲಿ ಎಕ್ಸ್‌ಟೆನ್ಶನ್ ಮಿತಿಯನ್ನು ಆನ್ ಮಾಡಬಹುದು. ಉಳಿದವರಿಗೆ ಹೊಸ ಎಂಜಿನ್ನೇ ಗತಿ.

2001ರ ಮೇಲೆ: ಗೇಮಿಗೊಂದು ಪ್ಯಾಚ್

ಎಕ್ಸ್‌ಪಿ ಕಾಲದ ಗೇಮ್‌ಗಳಿಗೆ ಸಾಮಾನ್ಯ ಸಾಧನಕ್ಕಿಂತ ಆ ಗೇಮಿಗೆಂದೇ ಬರೆದ ಪ್ಯಾಚ್ ಉತ್ತಮ. ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ (2005) ಅಗಲ ಪರದೆಗೆ ಹೊಂದಬೇಕಾದರೆ ಮೊದಲು ಅಧಿಕೃತ 1.3 ಪ್ಯಾಚ್, ಅದರ ಮೇಲೆ ವೈಡ್‌ಸ್ಕ್ರೀನ್ ಫಿಕ್ಸ್. ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್‌ಗೆ ಸೈಲೆಂಟ್‌ಪ್ಯಾಚ್.

ಸ್ಯಾನ್ ಆಂಡ್ರಿಯಾಸ್‌ನ ಒಂದು ದೋಷವನ್ನು ಹತ್ತಿರದಿಂದ ನೋಡಿದರೆ ಇಂಥ ಪ್ಯಾಚ್ ಯಾಕೆ ಬೇಕೆಂದು ಅರ್ಥವಾಗುತ್ತದೆ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಗೇಮಿನಿಂದ ಸ್ಕಿಮ್ಮರ್ ಎಂಬ ನೀರಿನ ಮೇಲಿಳಿಯುವ ವಿಮಾನ ಮಾಯವಾಯಿತು. ಚೀಟ್ ಬಳಸಿ ಬರಿಸಿಕೊಂಡು ಹತ್ತಿದವರು ಆಕಾಶದಾಚೆಗೆ ಚಿಮ್ಮಿದರು. ವಾಹನಗಳ ಪಟ್ಟಿಯ ಫೈಲಿನಲ್ಲಿ ಸ್ಕಿಮ್ಮರ್‌ನ ಸಾಲಿಗೆ ಚಕ್ರದ ಅಳತೆಗಳನ್ನು ಬರೆಯುವುದೇ ಬಿಟ್ಟುಹೋಗಿತ್ತು, ಯಾಕೆಂದರೆ ವೈಸ್ ಸಿಟಿಯಲ್ಲಿ ಆ ವಿಮಾನ ದೋಣಿಯ ಲೆಕ್ಕದಲ್ಲಿತ್ತು, ದೋಣಿಗೆ ಚಕ್ರವಿಲ್ಲ. ಗೇಮ್ ಆ ಖಾಲಿ ಜಾಗಕ್ಕೆ ಮೆಮೊರಿಯಲ್ಲಿ ಹಿಂದಿನ ವಾಹನದಿಂದ ಉಳಿದಿದ್ದ ಸಂಖ್ಯೆಯನ್ನೇ ಓದಿಕೊಳ್ಳುತ್ತಿತ್ತು. 2005ರಿಂದ ಅಷ್ಟು ವರ್ಷ ಅದೃಷ್ಟವಶಾತ್ ಆ ಸಂಖ್ಯೆ ಸರಿಯಾಗಿಯೇ ಇತ್ತು. 24ಎಚ್2ರಲ್ಲಿ ವಿಂಡೋಸ್ ತನ್ನ ಒಳಗಿನ ಒಂದು ಕೆಲಸಕ್ಕೆ ಮೆಮೊರಿಯ ಆ ಜಾಗವನ್ನೂ ಬಳಸತೊಡಗಿತು, ಚಕ್ರದ ಅಳತೆ ಊಹೆಗೂ ಮೀರಿದ ಸಂಖ್ಯೆಯಾಯಿತು. ತಪ್ಪು ವಿಂಡೋಸ್‌ನದ್ದಲ್ಲ. ಕಂಪ್ಯಾಟಿಬಿಲಿಟಿ ಟಿಕ್‌ನಿಂದಾಗಲಿ ರ‍್ಯಾಪರಿನಿಂದಾಗಲಿ ಇದು ಸರಿಹೋಗುವಂಥದ್ದೂ ಅಲ್ಲ. ಆ ಸಾಲಿಗೆ ಅಳತೆ ಸೇರಿಸಬೇಕು, ಇಲ್ಲವೇ ಸೈಲೆಂಟ್‌ಪ್ಯಾಚ್ ಹಾಕಬೇಕು.

ಅದೇ ಗೇಮಿನಲ್ಲಿ ಫ್ರೇಮ್ ಲಿಮಿಟರ್ (ಸೆಕೆಂಡಿಗೆ ತೋರಿಸುವ ಚಿತ್ರಗಳ ಮಿತಿ) ಆಫ್ ಮಾಡುವ ಆಸೆಗೆ ಬೀಳಬೇಡಿ. ಭೌತಿಕ ಲೆಕ್ಕವೆಲ್ಲ ಸೆಕೆಂಡಿಗೆ 30ರ ಆಸುಪಾಸಿನ ಫ್ರೇಮಿಗೆ ಕಟ್ಟಿದ್ದು. ಫ್ರೇಮ್ ಏರಿದರೆ ಈಜುವ ವೇಗ ಕುಸಿಯುತ್ತದೆ, ಕೆಲವು ಮಿಷನ್‌ಗಳು ಮುಗಿಯದಂತಾಗುತ್ತವೆ. ಲಿಮಿಟರ್ ಇಲ್ಲದ ಗೇಮ್‌ಗಳಿಗೆ ಹೊರಗಿನಿಂದ ಮಿತಿ ಹಾಕಿ: ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್ ಯಾವ ಕಾರ್ಡಿಗಾದರೂ ಸರಿ, ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಗೇಮಿಗೊಂದರಂತೆ ಮಿತಿ ಕೊಡಬಹುದು. 2004ರ ಆಸುಪಾಸಿನ ಗೇಮಿಗೆ 60ರಿಂದ ಶುರುಮಾಡಿ, ವಿಚಿತ್ರ ಕಂಡರೆ 30ಕ್ಕೆ ಇಳಿಸಿ.

ಸದ್ದು ಹೋದರೆ

ಗೇಮ್ ಓಡುತ್ತದೆ, ಗುಂಡಿನ ಸದ್ದೂ ಬರುತ್ತದೆ, ಹಿನ್ನೆಲೆ ಸಂಗೀತ ಮಾತ್ರ ಇಲ್ಲ. 1990ರ ದಶಕದ ಅನೇಕ ಗೇಮ್‌ಗಳು ಸಂಗೀತವನ್ನು ಸಿಡಿಯಲ್ಲಿ ಆಡಿಯೋ ಟ್ರ್ಯಾಕುಗಳಾಗಿ ಇಡುತ್ತಿದ್ದವು, ಮಾಮೂಲಿ ಹಾಡಿನ ಸಿಡಿಯ ಹಾಗೆ. ಸಿಡಿಯನ್ನು ಐಎಸ್‌ಓ ಇಮೇಜ್ (ಇಡೀ ಸಿಡಿಯ ನಕಲು ಫೈಲ್) ಮಾಡಿದರೆ ಆ ಟ್ರ್ಯಾಕುಗಳು ಬರುವುದೇ ಇಲ್ಲ, ಡೇಟಾ ಮಾತ್ರ ಬರುತ್ತದೆ. ಬಿನ್ ಮತ್ತು ಕ್ಯೂ ಜೋಡಿಯಾಗಿ ಇಮೇಜ್ ಮಾಡಿ; ಇಮ್ಗ್‌ಬರ್ನ್ ಇದನ್ನು ಉಚಿತವಾಗಿ ಮಾಡುತ್ತದೆ. ಐಎಸ್‌ಓ ಫೈಲನ್ನು ವಿಂಡೋಸ್ ಡಬಲ್ ಕ್ಲಿಕ್ಕಿಗೇ ತೆರೆಯುತ್ತದೆ, ಕ್ಯೂ ಫೈಲಿಗೆ ಬೇರೆ ವರ್ಚುವಲ್ ಡ್ರೈವ್ ಪ್ರೋಗ್ರಾಂ ಬೇಕು. ಡಾಸ್‌ಬಾಕ್ಸ್ ಆದರೆ ಇಮ್ಗ್‌ಮೌಂಟ್ ಆದೇಶಕ್ಕೆ ಕ್ಯೂ ಫೈಲನ್ನೇ ಕೊಟ್ಟರೆ ಸಂಗೀತವೂ ಬರುತ್ತದೆ. ವಿಂಡೋಸ್ ಗೇಮ್‌ಗಳಿಗೆ, ಟ್ರ್ಯಾಕುಗಳನ್ನು ಆಗ್ ಫೈಲ್‌ಗಳಾಗಿ ಫೋಲ್ಡರಿನಲ್ಲಿಟ್ಟು ನುಡಿಸುವ ಆಗ್-ವಿನ್‌ಎಂಎಂ ಎಂಬ ಚಿಕ್ಕ ರ‍್ಯಾಪರೂ ಇದೆ.

2000ದ ಸುಮಾರಿನ ಗೇಮ್‌ಗಳಲ್ಲಿ ಇಎಎಕ್ಸ್ (ಪ್ರತಿಧ್ವನಿಯಂಥ ಸದ್ದಿನ ಪರಿಣಾಮಗಳು) ಎಂಬ ಆಯ್ಕೆ ಬೂದಾಗಿ ಕಂಡರೆ ಕಾರಣ ವಿಂಡೋಸ್ ವಿಸ್ತಾ: ಸೌಂಡ್ ಕಾರ್ಡಿನ ಹಾರ್ಡ್‌ವೇರಿಗೆ ನೇರ ದಾರಿಯನ್ನು ಅದು ಮುಚ್ಚಿತು. ಡಿಎಸ್‌ಓಎಎಲ್ ಮತ್ತು ಓಪನ್‌ಎಎಲ್ ಸಾಫ್ಟ್ ಜೋಡಿ ಗೇಮಿನ ಫೋಲ್ಡರಿಗೆ ಹಾಕಿದರೆ ಗುಹೆಯ ಪ್ರತಿಧ್ವನಿ ಮತ್ತೆ ಕೇಳುತ್ತದೆ. ಹೆಡ್‌ಫೋನ್ ಇದ್ದವರು ಇದನ್ನು ತಪ್ಪದೆ ಮಾಡಿ.

ಕೊಂಡುಬಿಡುವುದಾ?

2008ರಲ್ಲಿ ಶುರುವಾದ ಜಿಓಜಿ ಎಂಬ ಆನ್‌ಲೈನ್ ಅಂಗಡಿ ಹಳೆಯ ಗೇಮ್‌ಗಳನ್ನು ಡಾಸ್‌ಬಾಕ್ಸ್, ರ‍್ಯಾಪರ್‌ಗಳ ಸಮೇತ ಕಟ್ಟಿಕೊಡುತ್ತದೆ, ನಕಲು ತಡೆ ಇರುವುದಿಲ್ಲ, ಇನ್‌ಸ್ಟಾಲರನ್ನು ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಸೇಫ್‌ಡಿಸ್ಕ್ ರೋಗವಿರುವ ಗೇಮ್ ಅಲ್ಲಿ ಸಿಕ್ಕರೆ ಯೋಚಿಸುವುದೇ ಬೇಡ. ಸ್ಟೀಮ್‌ನಲ್ಲಿರುವ ಹಳೆಯ ಗೇಮ್‌ಗಳಲ್ಲಿ ಕೆಲವು ಬರೀ ಹಳೆಯ ಫೈಲ್‌ಗಳು, ರಿಪೇರಿ ನಿಮ್ಮದೇ. ಎರಡು ಗಂಟೆಗಿಂತ ಕಡಿಮೆ ಆಡಿ, ಕೊಂಡ 14 ದಿನದೊಳಗೆ ಕೇಳಿದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಹಾಗಾಗಿ ಕೊಂಡ ದಿನವೇ ಓಡಿಸಿ ನೋಡಿ, ಎರಡು ತಿಂಗಳ ಮೇಲಲ್ಲ. ರೀಮಾಸ್ಟರ್ ಬೇರೆಯೇ ಗೇಮ್ ಎಂದುಕೊಳ್ಳಿ: 2019ರ ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಶನ್ ಆನ್‌ಲೈನ್ ಆಡುವವರಿಗೆ ಖಂಡಿತ ಉತ್ತಮ, ಆದರೆ ಮನೆಯ ಹಳೆಯ ಎರಡು ಪಿಸಿಗಳನ್ನು ಕೇಬಲ್ಲಿನಿಂದ ಜೋಡಿಸಿ ಆಡಬೇಕೆಂದರೆ ಮೂಲವೇ ಹಗುರ.

ಲಿನಕ್ಸ್ ಇರುವವರಿಗೆ

2018ರಲ್ಲಿ ಸ್ಟೀಮ್‌ನ ಕಂಪನಿ ವಾಲ್ವ್, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂದ ಮೇಲೆ ಲಿನಕ್ಸ್ ಈ ವಿಷಯದಲ್ಲಿ ಹಿಂದುಳಿದಿಲ್ಲ, ಕೆಲವು ಕಡೆ ವಿಂಡೋಸಿಗಿಂತ ಮುಂದಿದೆ. 64 ಬಿಟ್ ಲಿನಕ್ಸ್ ಮೇಲೂ ಪ್ರೋಟಾನ್‌ನ ಮೂಲವಾದ ವೈನ್ 16 ಬಿಟ್ ವಿಂಡೋಸ್ ಪ್ರೋಗ್ರಾಂ ಓಡಿಸಬಲ್ಲದು, ಡೈರೆಕ್ಟ್3ಡಿ 8 ಮತ್ತು 9ಕ್ಕೆ ಪ್ರೋಟಾನ್‌ನೊಳಗೇ ಡಿಎಕ್ಸ್‌ವಿಕೆ ಇದೆ. ಸಿಡಿಯ ಗೇಮಾದರೆ ಲುಟ್ರಿಸ್ ಅಥವಾ ಬಾಟಲ್ಸ್‌ನಲ್ಲಿ ಗೇಮಿಗೊಂದು ಪ್ರತ್ಯೇಕ ಪ್ರಿಫಿಕ್ಸ್ (ವೈನ್‌ನ ವಿಂಡೋಸ್ ಫೈಲ್‌ಗಳಿರುವ ಫೋಲ್ಡರ್) ಮಾಡಿ. ರೆಸಲ್ಯೂಶನ್ ಬದಲಿಸಿ ಡೆಸ್ಕ್‌ಟಾಪನ್ನೇ ಕೆಡಿಸುವ ಗೇಮಿಗೆ ವೈನ್ ಸೆಟ್ಟಿಂಗಿನಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಆನ್ ಮಾಡಿ. ಸೇಫ್‌ಡಿಸ್ಕ್ ಇಲ್ಲೂ ಕಾಡುತ್ತದೆ.

ಇಡೀ ಯಂತ್ರವನ್ನೇ ಮತ್ತೆ ಕಟ್ಟುವುದಾದರೆ

ಮೇಲಿನ ಯಾವುದೂ ಆಗದಿದ್ದಾಗ ಉಳಿಯುವುದು ಮೂರು: 86ಬಾಕ್ಸ್, ವರ್ಚುವಲ್‌ಬಾಕ್ಸ್, ನಿಜವಾದ ಹಳೆಯ ಪಿಸಿ.

86ಬಾಕ್ಸ್ ಮದರ್‌ಬೋರ್ಡಿನಿಂದ ಹಿಡಿದು ವೂಡೂ ಕಾರ್ಡಿನವರೆಗೆ ಪ್ರತಿ ಚಿಪ್ಪನ್ನೂ ನಟಿಸುತ್ತದೆ. ವಿಂಡೋಸ್ 98 ಎಸ್‌ಇ, 128 ಎಂಬಿ ರಾಮ್, ಪೆಂಟಿಯಂ ಎಂಎಂಎಕ್ಸ್ 166, ವೂಡೂ, ಸೌಂಡ್ ಬ್ಲಾಸ್ಟರ್ 16: 1997ರ ಗೇಮ್‌ಗಳಿಗೆ ಇದು ಒಳ್ಳೆಯ ಜೋಡಣೆ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಎಷ್ಟೇ ದೊಡ್ಡದಿರಲಿ, ಇಲ್ಲಿ ಅದರ ಪಾತ್ರ ಅಷ್ಟಕ್ಕಷ್ಟೆ. ಲೆಕ್ಕಕ್ಕೆ ಬರುವುದು ಪ್ರೊಸೆಸರಿನ ಒಂದು ಕೋರಿನ ವೇಗ. 86ಬಾಕ್ಸ್ ಕಿಟಕಿಯ ಮೇಲೆ ಕಾಣುವ ವೇಗ ಶೇಕಡಾ 100ಕ್ಕಿಂತ ಇಳಿದರೆ ಸದ್ದು ಬಿರುಕು ಬಿಡುತ್ತದೆ. ಆಗ ಗೇಮಿನ ಸೆಟ್ಟಿಂಗಿಗೆ ಕೈ ಹಾಕದೆ ನಟನೆಯ ಪ್ರೊಸೆಸರನ್ನು 166ರಿಂದ 133ಕ್ಕೆ ಇಳಿಸಿ. ಪೆಂಟಿಯಂ 3 ಮಟ್ಟದ ಗೇಮ್‌ಗಳನ್ನು ಇದರಲ್ಲಿ ನಿರೀಕ್ಷಿಸಬೇಡಿ.

ವರ್ಚುವಲ್‌ಬಾಕ್ಸ್ ಪ್ರೊಸೆಸರನ್ನು ನಟಿಸುವುದಿಲ್ಲ, ನಿಮ್ಮದನ್ನೇ ಕೊಡುತ್ತದೆ. ಹಾಗಾಗಿ ವೇಗ ಚೆನ್ನಾಗಿದೆ, ಆದರೆ ವಿಂಡೋಸ್ 98ಕ್ಕೆ ಅಧಿಕೃತ ಗ್ರಾಫಿಕ್ಸ್ ಡ್ರೈವರ್ ಇಲ್ಲ. ಸಾಫ್ಟ್‌ಜಿಪಿಯು ಎಂಬ ಉಚಿತ ಡ್ರೈವರ್ ಆ ಕೊರತೆ ತುಂಬುತ್ತದೆ. ಹೊಸ ರೈಜೆನ್ ಪ್ರೊಸೆಸರುಗಳ ಮೇಲೆ ವಿಂಡೋಸ್ 98 ಇನ್‌ಸ್ಟಾಲ್ ಆಗುವಾಗಲೇ ದೋಷ ತೋರಿಸಿ ನಿಲ್ಲುತ್ತದೆ. ಮೆಮೊರಿಯ ಲೆಕ್ಕದಲ್ಲಿದ್ದ ಹಳೆಯ ತಪ್ಪೊಂದು ಈ ಪ್ರೊಸೆಸರುಗಳಲ್ಲಿ ಬಯಲಾಗುತ್ತದೆ. ಪ್ಯಾಚರ್9ಎಕ್ಸ್ ಓಡಿಸಿದರೆ ಮುಂದೆ ಹೋಗುತ್ತದೆ. ರಾಮ್ 512 ಎಂಬಿ ಮೀರಿಸಬೇಡಿ, ಮೀರಿದರೆ ವಿಂಡೋಸ್ 98ರ ಡಿಸ್ಕ್ ಕ್ಯಾಷ್ ಜಾಗ ಸಾಲದೆ ಅದು ಶುರುವೇ ಆಗದು.

ನಿಜವಾದ ಹಳೆಯ ಪಿಸಿ ಕಟ್ಟುವವರು ಎರಡು ಯಂತ್ರಗಳ ಕೆಲಸವನ್ನು ಒಂದರಲ್ಲಿ ಮಾಡಹೋಗಬೇಡಿ. ವಿಂಡೋಸ್ 98ಕ್ಕೆ ಪೆಂಟಿಯಂ 3 ಸರಿ. ಎಕ್ಸ್‌ಪಿಗೆ ಕೋರ್ 2 ಡುಯೋ ಸುಲಭವಾಗಿ ಸಿಗುತ್ತದೆ, ಡ್ರೈವರೂ ಇವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಬೋರ್ಡ್ ಹುಡುಕುವಾಗ ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳ ತಲೆ ನೋಡಿ. 2000ದ ದಶಕದ ಆರಂಭದ ಬೋರ್ಡುಗಳಲ್ಲಿ ಕೆಟ್ಟ ಕೆಪಾಸಿಟರುಗಳ ಪಿಡುಗೇ ಇತ್ತು. ತಲೆ ಉಬ್ಬಿದ್ದರೆ, ಕಂದು ಕಲೆ ಇದ್ದರೆ ಬಿಡಿ, ಇಲ್ಲವೇ ಬದಲಿಸುವ ಖರ್ಚು ಸೇರಿಸಿ ಬೆಲೆ ಮಾತಾಡಿ. ಹಳೆಯ ಪವರ್ ಸಪ್ಲೈಯನ್ನು ನಂಬಬೇಡಿ. ಹೊಸದನ್ನು ಕೊಳ್ಳುವಾಗ 5 ವೋಲ್ಟ್ ಸಾಲಿನ ಆಂಪಿಯರ್ ಎಷ್ಟೆಂದು ಲೇಬಲ್ಲಿನಲ್ಲಿ ಓದಿ. ಪೆಂಟಿಯಂ 3 ಬೋರ್ಡುಗಳು ಪ್ರೊಸೆಸರಿಗೆ ಹೆಚ್ಚಾಗಿ 5 ವೋಲ್ಟಿನಿಂದಲೇ ವಿದ್ಯುತ್ ಎಳೆಯುತ್ತವೆ, ಇವತ್ತಿನ ಸಪ್ಲೈಗಳ ಬಲವೆಲ್ಲ 12 ವೋಲ್ಟ್ ಕಡೆಗಿರುತ್ತದೆ. ಸಿಆರ್2032 ಬ್ಯಾಟರಿ ಬದಲಿಸಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಐಡಿಇ ಅಡಾಪ್ಟರ್ ಮೂಲಕ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಹಾಕಿ. 32 ಜಿಬಿ ಮೀರದಂತೆ ನೋಡಿಕೊಳ್ಳಿ, ಆ ಕಾಲದ ಅನೇಕ ಬಯೋಸ್‌ಗಳು ಅದಕ್ಕಿಂತ ದೊಡ್ಡ ಡಿಸ್ಕ್ ಕಂಡರೆ ಅಲ್ಲೇ ನಿಂತುಬಿಡುತ್ತವೆ.